ಮೀನಿನ ದಿಗಿಲನ್ನು ಅಳೆದ ವರ್ಷ

ಹೋದ ತಿಂಗಳು ಚಿತ್ರದುರ್ಗದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹುಳುಕಾದ ದವಡೆ ಹಲ್ಲಿಗೆ ಅವರು ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟರು. ನೋವು ಇಳಿಯುವ ಮೊದಲೇ ನನ್ನ ಕಣ್ಣಲ್ಲಿ ನೀರು ಬಂತು. "ಉರೀತಿದೆಯಾ?" ಎಂದು ಕೇಳಿದರು. ಬಾಯಿ ತೆರೆದುಕೊಂಡೇ ಇಲ್ಲವೆಂದು ತಲೆಯಾಡಿಸಿದೆ. ಆ ವಾಸನೆ ಬೇರೆಯವರಿಗೆ ಹಲ್ಲಿನ ಔಷಧಿಯದು, ನನಗೆ ಮೀನಿನದು. ಇಪ್ಪತ್ತೈದನೇ ವಯಸ್ಸಿನಲ್ಲಿ ಒಂದು ಇಡೀ ವರ್ಷ ನನ್ನ ಕೈ, ದುಪಟ್ಟಾ, ಊಟದ ಡಬ್ಬಿ ಎಲ್ಲವೂ ಲವಂಗ ಲವಂಗ ಎನ್ನುತ್ತಿದ್ದವು. ಮೀನನ್ನು ಮಂಪರುಗೊಳಿಸಲು ನಾವು ಬಳಸುತ್ತಿದ್ದದ್ದು ಅದೇ ಎಣ್ಣೆ.

ನಮ್ಮಪ್ಪ ಚಿಕ್ಕಜಾಜೂರಿನ ಹತ್ತಿರ ರೈಲ್ವೆ ಗೇಟ್ ಕಾಯುತ್ತಿದ್ದರು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ಹಿರಿಯೂರಿನ ಹೊರಗೆ, ನಾಲೆಯ ಪಕ್ಕದಲ್ಲಿ ಒಂದು ಖಾಸಗಿ ಟ್ರಸ್ಟು ಮೀನುಮರಿ ಬೆಳೆಸುವ ಫಾರಂ ನಡೆಸುತ್ತಿತ್ತು. ಅದಕ್ಕೆ ಅಂಟಿಕೊಂಡಂತೆ ಎರಡು ಕೋಣೆಯ ಒಂದು ಲ್ಯಾಬ್. ಈಗ ಆ ಟ್ರಸ್ಟೂ ಇಲ್ಲ, ಲ್ಯಾಬೂ ಇಲ್ಲ, ಹೆಸರು ಬೇಡ. ಲ್ಯಾಬಿನ ಮುಖ್ಯಸ್ಥೆ ವಸುಧಾ ಮೇಡಂ ನನ್ನನ್ನು ಸಂದರ್ಶನದಲ್ಲಿ ಐದೇ ನಿಮಿಷ ಮಾತಾಡಿಸಿ, "ಸೋಮವಾರ ಬಂದುಬಿಡು" ಎಂದರು. ಯಾರ ಶಿಫಾರಸೂ ಇಲ್ಲದೆ ಸಿಕ್ಕ ಕೆಲಸ ಅದು. ಅವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ನಗುತ್ತಲೇ ಇದ್ದೆ.

ಅಪ್ಪ ಕೇಳಿದರು, "ಮೀನಿನ ರಕ್ತ ತಗದು ಏನ್ ಮಾಡ್ತೀಯವ್ವ?"

"ಅದಕ್ಕೆಷ್ಟು ದಿಗಿಲಾಗೈತೆ ಅಂತ ನೋಡ್ತೀವಪ್ಪ."

"ಹಿಡಿದು ಚುಚ್ಚಿದ್ರೆ ದಿಗಿಲಾಗದೆ ಇನ್ನೇನಾಗ್ತೈತೆ?"

ಅಪ್ಪ ಕೇಳಿದ್ದು ನಮ್ಮ ಶಾಸ್ತ್ರದ ಮೊದಲ ಪ್ರಶ್ನೆಯನ್ನೇ. ಮೀನಿಗೆ ಗಾಬರಿಯಾದರೆ ಅದರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ನಮ್ಮ ಮೈಯಲ್ಲೂ ಏರುವುದು ಅದೇ. ಬಲೆಗೆ ಬಿದ್ದ ಕೂಡಲೇ ಏರತೊಡಗುವುದರಿಂದ ತಡ ಮಾಡಿದರೆ ನಾವು ಅಳೆಯುವುದು ನಾವೇ ಹುಟ್ಟಿಸಿದ ಗಾಬರಿಯನ್ನು. ಆದ್ದರಿಂದ ಮೂರು ನಿಮಿಷದೊಳಗೆ ಹಿಡಿದು, ಲವಂಗದೆಣ್ಣೆಯ ನೀರಿಗೆ ಹಾಕಿ, ಬಾಲದ ಬುಡದಿಂದ ರಕ್ತ ತೆಗೆದು ಮುಗಿಸಬೇಕು. ಮೊದಮೊದಲು ಅವಸರಕ್ಕೆ ಸೂಜಿ ಎಲುಬಿಗೆ ತಾಗುತ್ತಿತ್ತು. ಮೇಡಂ ನನ್ನ ಮುಂಗೈಯನ್ನು ತಮ್ಮ ಅಂಗೈಯಲ್ಲಿ ಹಿಡಿದು, "ಮೀನಿಗಿಂತ ನಿನಗೇ ಜಾಸ್ತಿ ಕಾರ್ಟಿಸಾಲ್ ಏರಿದೆ, ಉಸಿರು ಬಿಡು ಪ್ರೇಮಾ" ಎನ್ನುತ್ತಿದ್ದರು. ಹಾಗೆ ಕಲಿಸಿದರು. ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದಾಗ ಫ್ಲಾಸ್ಕಿನಲ್ಲಿ ಗಂಜಿ ತಂದು ಕುಡಿಸಿದರು. ಅವರಿಗೆ ಮಕ್ಕಳಿರಲಿಲ್ಲ. ಲ್ಯಾಬಿಗೆ ಯಾರೇ ಬಂದರೂ "ಇವಳು ನನ್ನ ಮಗಳಿದ್ದಂಗೆ" ಎಂದೇ ನನ್ನನ್ನು ಪರಿಚಯಿಸುತ್ತಿದ್ದರು. ನಾನು ಅದನ್ನು ನಂಬಿದೆ. ಈಗಲೂ ಅದು ಪೂರ್ತಿ ಸುಳ್ಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ವರ್ಷ ಉತ್ತರೆ ಮಳೆ ಚೆನ್ನಾಗಿ ಹೊಡೆಯಿತು. ಹೊಸದುರ್ಗದ ಕಡೆ ಬಹಳ ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿದವು. ಫಾರಂನಿಂದ ದಿನವೂ ಮೀನುಮರಿಯ ಗಾಡಿಗಳು ಹೊರಡುತ್ತಿದ್ದವು. ಅಂಥದೇ ಒಂದು ದಿನ ಮಧ್ಯಾಹ್ನ, ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಹೆಂಗಸು ಸ್ಟೀಲಿನ ಬಕೆಟ್ ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತರು. ಬಕೆಟ್ಟಿನ ತುಂಬ ಗೇಣುದ್ದದ ಸತ್ತ ರೋಹು ಮೀನು. ಮೈಮೇಲೆ ಹತ್ತಿ ಅಂಟಿಸಿದಂತೆ ಬೂಸ್ಟು.

"ಬಸ್ಸಿನಾಗೆ ಯಾರೂ ಪಕ್ಕ ಕುಂತ್ಕಳ್ಳಲಿಲ್ಲ ಕಣವ್ವ" ಎಂದರು. "ಮ್ಯಾನೇಜರು ನೋಡಲ್ಲ ಅಂದ್ರು. ನೀವಾದ್ರೂ ನೋಡ್ರಿ."

ಅವರ ಹೆಸರು ತಿಪ್ಪಮ್ಮ. ಶ್ರೀರಾಂಪುರದಿಂದ ಎರಡು ಮೈಲಿ ಆಚೆಯ ಒಂದು ಹಳ್ಳಿಯವರು. ಕೂಲಿಗೆ ಹೋಗುತ್ತಿದ್ದ ಹನ್ನೊಂದು ಮಂದಿ ಹೆಂಗಸರು ಸಂಘ ಕಟ್ಟಿಕೊಂಡು ಊರ ಕೆರೆಯನ್ನು ಮೀನಿಗೆಂದು ಗುತ್ತಿಗೆ ಹಿಡಿದಿದ್ದರು. ಗಂಡಸರು ನಕ್ಕಿದ್ದರಂತೆ. ನಮ್ಮ ಫಾರಂನಿಂದ ಕೊಂಡ ಗೇಣುದ್ದದ ಮರಿ ಬಿಟ್ಟ ನಾಲ್ಕನೇ ದಿನದಿಂದ ಮೀನು ತೇಲತೊಡಗಿತು. ವಾರದಲ್ಲಿ ದಡವೆಲ್ಲ ಬೆಳ್ಳಗಾಯಿತು. ಫಾರಂ ಮ್ಯಾನೇಜರು, ನಮ್ಮ ಮರಿ ಚೆನ್ನಾಗಿಯೇ ಇದ್ದವು, ನಿಮ್ಮ ಕೆರೆಯಲ್ಲೇ ಏನೋ ಆಗಿದೆ ಎಂದುಬಿಟ್ಟರು. ಆಗ ಸಂಘದೊಳಗೇ ಮಾತು ಹುಟ್ಟಿತು. ಹನುಮಕ್ಕ ಎಂಬಾಕೆ ತೊಗರಿಗೆ ಔಷಧಿ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆದಳು ಎಂದು ಯಾರೋ ಅಂದರು. ಆಕೆ ದೇವರ ಮೇಲೆ ಆಣೆ ಇಟ್ಟರೂ ಯಾರೂ ನಂಬಲಿಲ್ಲ. ಅವಳ ಜೊತೆ ಮಾತು ಬಿಟ್ಟರು.

"ನಾನೂ ಬಿಟ್ಟೀನಿ" ಎಂದರು ತಿಪ್ಪಮ್ಮ. "ಅವ್ಳು ನನ್ನ ಓರಗಿತ್ತಿ. ಒಂದೇ ಹಿತ್ತಲು ನಮ್ದು. ನಿಜ ಏನೈತೋ ಅದು ಗೊತ್ತಾದ್ರೆ ಸಾಕು."

ಮೇಡಂ ಆ ಮಾತಿಗೆ ಕರಗಿದರು. ಕೆರೆಯ ನೀರು ತರಿಸಿ ನೋಡಿದೆವು, ವಿಷದ ಸುಳಿವು ಸಿಗಲಿಲ್ಲ. "ಹಾಗಾದ್ರೆ ಮೀನು ಕೆರೆಗೆ ಹೋಗೋ ಮೊದಲೇ ಏನೋ ಆಗಿದೆ. ನೀನು ಗಾಡಿ ಜೊತೆ ಹೋಗು" ಎಂದು ನನ್ನನ್ನು ಕಳಿಸಿದವರು ಅವರೇ.

ಹಾಗೆ ನಾನು, ಪರೀಕ್ಷೆಗೆಂದು ಅದೇ ಕೆರೆಗೆ ಹೊರಟ ಇನ್ನೊಂದು ಮೀನಿನ ಗಾಡಿ ಹತ್ತಿದೆ. ಹೊಂಡದಲ್ಲಿ ಆಗಷ್ಟೇ ಮೇವು ತಿಂದಿದ್ದ ಮೀನನ್ನು ನಡುಬಿಸಿಲಲ್ಲಿ ಎಳೆದು, ಬುಟ್ಟಿಯಲ್ಲಿ ಹೊತ್ತು, ಗಾಡಿಯ ಮೇಲಿನ ಪ್ಲಾಸ್ಟಿಕ್ ತೊಟ್ಟಿಗೆ ಒತ್ತೊತ್ತಾಗಿ ಸುರಿಯುತ್ತಿದ್ದರು. ಮಾರಿಕಣಿವೆ ದಾಟಿ ಹೊಸದುರ್ಗ, ಅಲ್ಲಿಂದ ಶ್ರೀರಾಂಪುರ. ಗುಂಡಿ ಬಂದಾಗಲೆಲ್ಲ ತೊಟ್ಟಿಯೊಳಗೆ ದಬದಬ ಸದ್ದು. ನಾನು ಹೊರಡುವ ಮೊದಲು, ದಾರಿಯಲ್ಲಿ, ಕೆರೆಗೆ ಬಿಡುವಾಗ ಒಂದಷ್ಟು ಮೀನಿನ ರಕ್ತ ತೆಗೆದು ಐಸಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಕೆರೆಯ ಮೂಲೆಯಲ್ಲಿ ಒಂದು ಬಲೆಪಂಜರ ಕಟ್ಟಿ ಅದರಲ್ಲಿ ಸ್ವಲ್ಪ ಮೀನು ಬಿಟ್ಟೆವು. ಮುಂದಿನ ನಾಲ್ಕು ದಿನ ಬೆಳಿಗ್ಗೆ ಅದರಿಂದಲೂ ರಕ್ತ ತೆಗೆದೆ. ಆ ನಾಲ್ಕು ದಿನ ತಿಪ್ಪಮ್ಮನ ಮನೆಯಲ್ಲೇ ಇದ್ದೆ. ರಾಗಿಮುದ್ದೆ, ಅವರೆಕಾಳಿನ ಸಾರು. ನಾನು ಸೂಜಿ ಹಿಡಿದು ಕೂತರೆ ಸಂಘದ ಹೆಂಗಸರು ಸುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದರು.

"ಮೀನಿಗೂ ಟೆನ್ಷನ್ ಆಗ್ತೈತೇನವ್ವ?"

"ಆಗ್ತೈತೆ. ತುಂಬ ದಿನ ಇಳೀಲಿಲ್ಲ ಅಂದ್ರೆ ರೋಗ ತಡಕಳ್ಳೋ ಶಕ್ತಿ ಹೋಗ್ತೈತೆ. ಆಗ ಬೂಸ್ಟು ಹಿಡೀತೈತೆ."

"ಥೂ, ಹೆಂಗಸರ ಜಲ್ಮಾನೇ ಬಂತು ಬಿಡು ಅದಕ್ಕೂ" ಎಂದು ತಿಪ್ಪಮ್ಮ ನಗಿಸಿದರು. ಹನುಮಕ್ಕ ಮಾತ್ರ ದೂರದಲ್ಲಿ, ಏರಿಯ ಮೇಲಿನ ಬೇವಿನ ಮರದ ಕೆಳಗೆ ಒಬ್ಬಳೇ ನಿಂತು ನೋಡುತ್ತಿದ್ದಳು. ಹತ್ತಿರ ಬರಲು ಅವಳಿಗೆ ಯಾರೂ ಹೇಳಲಿಲ್ಲ.

ಹಿರಿಯೂರಿಗೆ ಮರಳಿ ಪರೀಕ್ಷೆಯ ತಟ್ಟೆಯಲ್ಲಿ ಸಾಲುಸಾಲು ಗುಳಿಗಳಿಗೆ ರಕ್ತದ ನೀರು ತುಂಬಿದೆವು. ಆ ಪರೀಕ್ಷೆಯಲ್ಲಿ ಹಳದಿ ಬಣ್ಣ ಗಾಢವಾದಷ್ಟೂ ಹಾರ್ಮೋನು ಕಡಿಮೆ, ತೆಳುವಾದಷ್ಟೂ ಹೆಚ್ಚು. ಹೊರಡುವ ಮೊದಲಿನ ಮೀನಿನ ಗುಳಿಗಳು ಅರಿಶಿನದಂತೆ ನಿಂತವು. ದಾರಿಯವು ನೀರಾದವು. ಅಲ್ಲಿಯವರೆಗೆ ನಾವು ಎಣಿಸಿದ್ದೇ. ಆದರೆ ನಾಲ್ಕನೇ ದಿನದವೂ ನೀರಾಗಿಯೇ ಇದ್ದವು. ಒಂದು ದಿನದಲ್ಲಿ ಇಳಿಯಬೇಕಾದ ದಿಗಿಲು ಇಳಿದೇ ಇರಲಿಲ್ಲ.

ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇನ್ನೊಂದು ಸಲ ಹೋಗು. ಈ ಸಲ ನಾವು ಹೇಳಿದ ಹಾಗೆ ತುಂಬಲಿ." ಎರಡನೇ ಸಲ ಮೀನನ್ನು ಎರಡು ದಿನ ನೆರಳಿನ ತೊಟ್ಟಿಯಲ್ಲಿ ಮೇವಿಲ್ಲದೆ ಇರಿಸಿ, ತಂಪು ಹೊತ್ತಿನಲ್ಲಿ, ಅರ್ಧದಷ್ಟೇ ತುಂಬಿಸಿದೆವು. ಅದೇ ಗಾಡಿ, ಅದೇ ಗುಂಡಿ, ಅದೇ ಕೆರೆ. ಮರುದಿನ ತೆಗೆದ ರಕ್ತದ ಗುಳಿಗಳು ಮತ್ತೆ ಅರಿಶಿನವಾದವು. ವಾರವಾದರೂ ಪಂಜರದ ಮೀನು ಸಾಯಲಿಲ್ಲ.

ನಾನು ಬಸ್ಸು ಹಿಡಿದು ಶ್ರೀರಾಂಪುರಕ್ಕೆ ಓಡಿದೆ. ಬರೆದು ಕೊಡುವ ಮೊದಲೇ ಬಾಯಲ್ಲಿ ಹೇಳಬಾರದಿತ್ತೇನೋ. ಆದರೂ ತಿಪ್ಪಮ್ಮನ ಪಡಸಾಲೆಯಲ್ಲಿ ಸಂಘದವರ ಮುಂದೆ ಹೇಳಿದೆ, "ಕೆರೇದೇನೂ ತಪ್ಪಿಲ್ಲ. ನಿಮ್ದೂ ಇಲ್ಲ. ತುಂಬಿ ಕಳಿಸಿದ್ದೇ ತಪ್ಪು."

"ಇನ್ನೊಂದು ಸಲ ಹೇಳವ್ವ" ಎಂದರು ತಿಪ್ಪಮ್ಮ. "ಅವ್ಳ ಕಡೆ ನೋಡಿ ಹೇಳು."

ನಾನು ಬಾಗಿಲ ಹೊರಗೆ ಕೂತಿದ್ದ ಹನುಮಕ್ಕನ ಕಡೆ ನೋಡಿ ಹೇಳಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ತಿಪ್ಪಮ್ಮ ಎದ್ದು ಹೋಗಿ ಅವಳ ರಟ್ಟೆ ಹಿಡಿದು ಒಳಗೆ ಕರೆತಂದರು. "ವರದಿಯಾಗೆ ಹಿಂಗೇ ಬರೀತೀರಾ?" ಎಂದು ಯಾರೋ ಕೇಳಿದರು. "ಹಿಂಗೇ ಬರೀತೀವಿ" ಎಂದೆ. ಮಾತು ಕೊಟ್ಟದ್ದು ನಾನು.

ವರದಿಯ ಕರಡನ್ನು ನಾನೇ ಬರೆದುಕೊಟ್ಟೆ. ಆ ಹೊತ್ತಿಗೆ ಅಮ್ಮನ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು, ಊರಿಗೆ ಹೊರಟಿದ್ದೆ. ಮೇಡಂ ಬಸ್‌ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟರು. ಚೀಲದಿಂದ ಒಂದು ಹಾಳೆ ತೆಗೆದು, "ಇದು ಕೊನೇ ಪುಟ, ಸಹಿ ಮಾಡಿಬಿಡು. ಇಂಗ್ಲಿಷು ಸ್ವಲ್ಪ ತಿದ್ದಿ, ಕನ್ನಡದ್ದೂ ಟೈಪ್ ಮಾಡಿಸಿ ಸೇರಿಸ್ತೀನಿ. ನೀನು ಅಮ್ಮನ್ನ ನೋಡ್ಕೋ" ಎಂದರು. ನಾನು ಅವರ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟು ಸಹಿ ಮಾಡಿದೆ. ಅಮ್ಮನಿಗೆಂದು ಅವರು ಕೊಟ್ಟ ಕಿತ್ತಳೆ ಹಣ್ಣಿನ ಚೀಲ ಇನ್ನೊಂದು ಕೈಯಲ್ಲಿತ್ತು.

ನಮ್ಮ ವರದಿ ನೋಡಿ ಕೆರೆಯನ್ನು ಸಂಘಕ್ಕೇ ಉಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆ ಹೊಸದುರ್ಗದಲ್ಲಿ ನಡೆದದ್ದು ಶಿವರಾತ್ರಿಯ ಮುಂಚಿನ ವಾರ. ನಾನು ಊರಿನಿಂದ ನೇರವಾಗಿ ಅಲ್ಲಿಗೇ ಬಂದೆ. ಮುಂದಿನ ಸಾಲಿನಲ್ಲಿ ಮೇಡಂ, ಮ್ಯಾನೇಜರು, ಟ್ರಸ್ಟಿನ ಇಬ್ಬರು. ಹಿಂದೆ ಒಗೆದ ಸೀರೆ ಉಟ್ಟ ಹನ್ನೊಂದು ಹೆಂಗಸರು. ಹನುಮಕ್ಕ ತಿಪ್ಪಮ್ಮನ ಮಗ್ಗುಲಲ್ಲೇ ಇದ್ದಳು. ನನ್ನನ್ನು ನೋಡಿ ನಕ್ಕಳು.

ಮೇಡಂ ಕನ್ನಡದ ವರದಿ ಓದಿದರು. ಮರಿಗಳು ಆರೋಗ್ಯವಾಗಿ ಹೊರಟಿದ್ದವು. ಕೆರೆಗೆ ಬಿಟ್ಟ ಮೇಲೂ ಅವುಗಳ ಒತ್ತಡದ ಹಾರ್ಮೋನು ಇಳಿಯಲಿಲ್ಲ. ಆದ್ದರಿಂದ ಕೆರೆಯ ಪರಿಸರ ಮತ್ತು ನಿರ್ವಹಣೆಯ ಲೋಪವೇ ಸಾವಿಗೆ ಕಾರಣವಿರಬಹುದು, ಕೃಷಿ ಔಷಧಿಯ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಎರಡನೇ ಸಲದ ಗಾಡಿಯ ಮಾತೇ ಇರಲಿಲ್ಲ. ನೀರಿನ ಪರೀಕ್ಷೆಯೂ ಇರಲಿಲ್ಲ. ನಾನು ತೆಗೆದ ರಕ್ತ, ನಾನು ಬರೆದಿಟ್ಟ ದಿನಗಳು, ಎಲ್ಲ ನಿಜವೇ. ಅರ್ಧ ನಿಜವನ್ನು ಮಾತ್ರ ಉಳಿಸಿಕೊಂಡು ಅದರಿಂದ ಒಂದು ಸುಳ್ಳು ಕಟ್ಟಿದ್ದರು. "ಇದು ನಮ್ಮ ಸಂಶೋಧನಾ ಸಹಾಯಕಿ ಸ್ಥಳದಲ್ಲೇ ಇದ್ದು ಮಾಡಿದ ಕೆಲಸ" ಎಂದು ನನ್ನ ಸಹಿಯಿದ್ದ ಪುಟವನ್ನು ಎತ್ತಿ ತೋರಿಸಿದರು.

ತಿಪ್ಪಮ್ಮ ಹಿಂದಿನ ಸಾಲಿನಿಂದ ಎದ್ದರು. "ಪ್ರೇಮವ್ವ, ಹೌದೇನು?" ಎಂದರು. ಅಷ್ಟೇ.

ಇಡೀ ಸಭೆ ನನ್ನ ಕಡೆ ತಿರುಗಿತು. ಮೇಡಂ ಕೂಡ ತಿರುಗಿದರು. ಜ್ವರದಲ್ಲಿ ಗಂಜಿ ಕುಡಿಸಿದಾಗಿನ ಮುಖವೇ ಅದು. ಇದರಲ್ಲೇನೋ ತಪ್ಪಾಗಿದೆ, ಮೇಡಂ ಈಗ ಸರಿಮಾಡುತ್ತಾರೆ ಎಂದು ಆ ಕ್ಷಣದಲ್ಲೂ ಕಾದೆ. ನಾನು ಕಾಯುತ್ತಿದ್ದಂತೆಯೇ ಸಭೆ ನಡೆಸುತ್ತಿದ್ದ ಅಧಿಕಾರಿ ಮುಂದಿನ ವಿಷಯಕ್ಕೆ ಹೋದರು. ಹನುಮಕ್ಕ ತಿಪ್ಪಮ್ಮನ ಪಕ್ಕದಿಂದ ಎದ್ದು, ಕುರ್ಚಿ ಸದ್ದಾಗದಂತೆ ಸರಿಸಿ, ಹೊರಗೆ ಹೋದಳು.

ಹಿರಿಯೂರಿಗೆ ವಾಪಸಾಗುವ ಜೀಪಿನಲ್ಲಿ ಕೇಳಿದೆ, "ಯಾಕೆ ಮೇಡಂ?"

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಫಾರಂ ಇದ್ರೆ ನಾವಿರ್ತೀವಿ ಪ್ರೇಮಾ. ಫಾರಂನೋರದ್ದೇ ತಪ್ಪು ಅಂತ ನಾವೇ ಬರೆದುಕೊಟ್ರೆ ಟ್ರಸ್ಟಿನೋರು ನಾಳೆ ಲ್ಯಾಬಿಗೆ ಬೀಗ ಹಾಕ್ತಾರೆ. ಆ ಹೆಂಗಸರಿಗೆ ಇನ್ನೊಂದು ಕೆಲಸ ಸಿಗುತ್ತೆ. ನಮಗೆ ಇನ್ನೊಂದು ಲ್ಯಾಬ್ ಸಿಗಲ್ಲ. ಮ್ಯಾನೇಜರಿಗೆ ಒಳಗೊಳಗೇ ಹೇಳಿದ್ದೀನಿ, ಇನ್ನು ಮೇಲೆ ನೆರಳಲ್ಲಿಟ್ಟೇ ಕಳಿಸ್ತಾರೆ. ಕೆಲಸ ಆಯ್ತಲ್ಲ?"

"ಹನುಮಕ್ಕನ ಹೆಸರು ಹೋಯ್ತಲ್ಲ ಮೇಡಂ."

"ಯಾರು ಹನುಮಕ್ಕ?" ಎಂದು ಕೇಳಿದರು. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ.

ಮರುದಿನವೇ ಕೆಲಸ ಬಿಟ್ಟೆ. ನನ್ನ ಟಿಪ್ಪಣಿ ಪುಸ್ತಕಗಳು ಲ್ಯಾಬಿನ ಆಸ್ತಿಯೆಂದು ಬೀರುವಿನಲ್ಲೇ ಉಳಿದವು. ಶ್ರೀರಾಂಪುರಕ್ಕೆ ಹೋದೆ. ತಿಪ್ಪಮ್ಮ ಚೊಂಬಿನಲ್ಲಿ ನೀರು ಕೊಟ್ಟರು, ಕುಂತ್ಕ ಅನ್ನಲಿಲ್ಲ. ಸಹಿ ಹೇಗಾಯಿತೆಂದು ಹೇಳಿದೆ. ಅವರು ಕೇಳಿಸಿಕೊಂಡು, "ಅವ್ಳು ನಿಂಗೆ ಮೋಸ ಮಾಡಿದ್ಲು. ನೀನು ನಮಗೆ ಮಾಡ್ದೆ. ನಾವು ಹನುಮಕ್ಕಂಗೆ ಮಾಡಿದ್ವಿ. ಹೋಗವ್ವ" ಎಂದರು. ಗುತ್ತಿಗೆ ಬೇರೆಯವರ ಪಾಲಾಯಿತು. ಹನುಮಕ್ಕ ಊರು ಬಿಟ್ಟು ಹಿರೇಗುಂಟನೂರಿನ ಹತ್ತಿರ ಅಣ್ಣನ ಮನೆ ಸೇರಿದಳು.

ನಾನು ಬಿ.ಎಡ್. ಮಾಡಿ ಹೊಳಲ್ಕೆರೆಯ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಹೇಳತೊಡಗಿದೆ. ಮೂರು ವರ್ಷದ ಮೇಲೆ ಒಂದು ದಿನ, ಮಕ್ಕಳಿಗೆ ಹಾರ್ಮೋನಿನ ಪಾಠಕ್ಕೆಂದು ಶಾಲೆಯ ಕಂಪ್ಯೂಟರಿನಲ್ಲಿ ಏನೋ ಹುಡುಕುತ್ತಿದ್ದಾಗ ವಸುಧಾ ಮೇಡಂ ಹೆಸರು ಕಂಡಿತು. ಹೊರದೇಶದ ಪತ್ರಿಕೆಯೊಂದರಲ್ಲಿ ಲೇಖನ. ಸಾಗಿಸುವ ಮೊದಲು ಮೀನಿಗೆ ವಿಶ್ರಾಂತಿ ಕೊಟ್ಟರೆ ದಿಗಿಲು ಬೇಗ ಇಳಿಯುತ್ತದೆ, ಕೊಡದಿದ್ದರೆ ಸಾಯುತ್ತವೆ. ಎರಡೂ ಗಾಡಿಗಳ ಲೆಕ್ಕ ಅದರಲ್ಲಿತ್ತು. ಕೆರೆಯ ನೀರಿನಲ್ಲಿ ವಿಷವಿರಲಿಲ್ಲ ಎಂಬ ಮಾತೂ ಇತ್ತು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ರಕ್ತ ತೆಗೆಯಲು ನೆರವಾದವಳೆಂದು ನನಗೊಂದು ಧನ್ಯವಾದ. ಎರಡನೇ ಗಂಟೆ ಹೊಡೆದರೂ ನಾನು ತರಗತಿಗೆ ಹೋಗಲಿಲ್ಲ. ಅವರು ಸತ್ಯವನ್ನು ಎಸೆದಿದ್ದಾರೆ ಎಂದು ಮೂರು ವರ್ಷ ಅಂದುಕೊಂಡಿದ್ದೆ. ಎಸೆದಿರಲಿಲ್ಲ. ಜೋಪಾನವಾಗಿ ಎತ್ತಿಟ್ಟುಕೊಂಡಿದ್ದರು.

ಆ ಲೇಖನವನ್ನು ಕನ್ನಡಕ್ಕೆ ತಂದು, ಕೈಯಲ್ಲೇ ನಾಲ್ಕು ಹಾಳೆ ಬರೆದು, ಭಾನುವಾರ ಶ್ರೀರಾಂಪುರದ ಬಸ್ಸು ಹತ್ತಿದೆ. ತಿಪ್ಪಮ್ಮನ ಕೂದಲು ನೆರೆತಿತ್ತು. ಹಾಳೆ ನೋಡಿ, "ಈಗ್ಲೇ ಓದಬ್ಯಾಡ" ಎಂದು ಹಿರೇಗುಂಟನೂರಿಗೆ ಫೋನ್ ಮಾಡಿಸಿದರು. ಹನುಮಕ್ಕ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಪಡಸಾಲೆಯಲ್ಲಿ ಎಲ್ಲರೂ ಸೇರಿದ ಮೇಲೆ ಓದಿದೆ. ಹನುಮಕ್ಕ ಈ ಸಲ ಅಳಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಇಂಗ್ಲೀಷಿನಾಗೆ ನಿಜ ಬರ್ದವ್ಳೆ, ಕನ್ನಡದಾಗೆ ಸುಳ್ಳು ಬರ್ದವ್ಳೆ" ಎಂದರು ತಿಪ್ಪಮ್ಮ. "ನಮಗೆ ಬರೋದು ಕನ್ನಡ ಒಂದೇ ಅಂತ ಗೊತ್ತಿತ್ತು ಅವ್ಳಿಗೆ." ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ಮೀಟಿಂಗಿನಾಗೆ ನಾನು ಕೇಳಿದೆ, ನೀನು ಬಾಯಿ ಬಿಡಲಿಲ್ಲ. ಅದು ಇದ್ರಾಗೆ ಐತಾ?"

"ಇಲ್ಲ."

"ಹಂಗಾರೆ ಅದನ್ನೂ ಬರಿ."

ಅಲ್ಲೇ ಗೋಡೆಗೆ ಒರಗಿ ಕೂತು ನಾಲ್ಕನೇ ಹಾಳೆಯ ಕೆಳಗೆ ಬರೆದೆ. ಸಭೆಯಲ್ಲಿ ನಾನಿದ್ದೆ, ನನಗೆ ಗೊತ್ತಿತ್ತು, ಹೇಳಲಿಲ್ಲ. ಓದಿ ಹೇಳಿ, ಸಹಿ ಹಾಕಿದೆ. ಕೆರೆ ಮತ್ತೆ ಸಂಘಕ್ಕೆ ಬೇಕೆಂಬ ಅರ್ಜಿಯ ಜೊತೆ ತಿಪ್ಪಮ್ಮ ಅದನ್ನು ಹೊಸದುರ್ಗದ ಕಚೇರಿಗೆ ಕೊಟ್ಟರು. ಗುತ್ತಿಗೆಯ ಅವಧಿ ಮುಗಿದ ಮೇಲೆ ಕೆರೆ ಮತ್ತೆ ಸಂಘಕ್ಕೆ ಬಂತು. ಹನುಮಕ್ಕ ಸಂಘಕ್ಕೆ ಬರಲಿಲ್ಲ. ಬಾರವ್ವ ಎಂದು ಕರೆಯಲು ಹೋದವರಿಗೆ ಊಟ ಹಾಕಿ ಕಳಿಸಿದಳಂತೆ.

ಆ ಅರ್ಜಿಯ ಸುದ್ದಿ ಮೇಡಂ ಕಿವಿಗೂ ಬಿತ್ತು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಫೋನ್ ಮಾಡಿದರು.

"ನನ್ನ ಪೇಪರನ್ನೇ ನನ್ನ ಮೇಲೆ ತಿರುಗಿಸಿದೆಯಂತೆ. ನಿನ್ನನ್ನ ಮಗಳ ಥರ ನೋಡ್ಕೊಂಡಿದ್ದೆ ಪ್ರೇಮಾ."

"ಹೌದು ಮೇಡಂ" ಎಂದೆ. "ಅದಕ್ಕೇ ಅವತ್ತು ಓದದೆ ಸಹಿ ಮಾಡಿದ್ದು."